ಡಾರ್ಸಿ-ಎಲಿಜಬೆತ್ ಕಥೆಗಳಲ್ಲಿ ಯಾವುದನ್ನು ಮೊದಲು ಓದಲಿ?

ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ. ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರಿಜುಡೀಸ್’ ಓದಿ ಮುಗೀತು, ಕಾಲಿನ್ ಫರ್ತ್ ಇರುವ ಅದರ ಸೀರಿಯಲ್ ಎರಡು ಸಲ ನೋಡಿಯಾಯಿತು, ಆದರೂ ಆಸೆ ತೀರಲಿಲ್ಲ, ಕಾದಂಬರಿಯ ನಾಯಕ ಡಾರ್ಸಿ, ನಾಯಕಿ ಎಲಿಜಬೆತ್, ಈ ಜೋಡಿಯ ಒಳ್ಳೆ ಫ್ಯಾನ್ ಫಿಕ್ಷನ್ (ಅದೇ ಪಾತ್ರಗಳನ್ನಿಟ್ಟು ಬೇರೆಯವರು ಬರೆದ ಕಥೆ) ಇದ್ದರೆ ಹೇಳಿ ಅಂತ. ಕದ್ದು ತಿನ್ನೋರ ಹಾಗೆ ಮೆತ್ತಗೆ ಕೇಳುತ್ತಾರೆ. ಯಾಕೆ ಸಂಕೋಚ? ಆಸ್ಟಿನ್ ತೀರಿಕೊಂಡಿದ್ದು 1817ರಲ್ಲಿ. ಕೃತಿಯ ಹಕ್ಕು ಈಗ ಯಾರ ಕೈಯಲ್ಲೂ ಇಲ್ಲ, ಹಾಗಾಗಿ ಈ ಇಬ್ಬರ ಕಥೆಗಳು ರಾಜಾರೋಷವಾಗಿ ಅಚ್ಚಾಗಿ ಅಂಗಡಿಯಲ್ಲೇ ಮಾರಾಟವಾಗುತ್ತವೆ. ಮತ್ತೆ ನಾವು ಪಂಪನ ಊರಿನವರು. ಆತ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿ ಉಳಿದ ನಾಲ್ವರನ್ನು ಪಕ್ಕಕ್ಕೆ ಕೂರಿಸಿದ, ಅಲ್ವಾ?

ನಾನು ನೋಡುವುದು ಒಂದೇ: ಜಗಳ ಉಳಿದಿದೆಯಾ ಅಂತ. ಮೊದಲ ಪುಟದಲ್ಲೇ ಡಾರ್ಸಿ ಬೆಣ್ಣೆ ಹಾಗೆ ಕರಗಿದರೆ ಮುಚ್ಚಿಡುತ್ತೇನೆ. ಮೂಲ ಕಥೆಯಲ್ಲಿ ಹನ್ಸ್‌ಫರ್ಡ್ ಅನ್ನುವ ಊರಿನಲ್ಲಿ ಆತ ನಿಮ್ಮ ಮನೆತನ ನಮಗೆ ಸರಿಯಲ್ಲ, ಆದರೂ ನಿಮ್ಮನ್ನು ಬಿಟ್ಟಿರಲಾರೆ ಅಂತ ಕೊಂಕು ಸೇರಿಸಿಯೇ ಮದುವೆ ಕೇಳುತ್ತಾನೆ, ಎಲಿಜಬೆತ್ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುತ್ತಾಳೆ, ಮರುದಿನ ಬೆಳಿಗ್ಗೆ ಆತ ಉದ್ದದ ಪತ್ರವೊಂದನ್ನು ಕೈಗಿಟ್ಟು ಹೊರಟುಹೋಗುತ್ತಾನೆ. ಅಲ್ಲಿಂದ ಅವನ ಬಂಗಲೆ ಪೆಂಬರ್ಲಿಯಲ್ಲಿ ಮತ್ತೆ ಎದುರಾಗುವವರೆಗೆ ಅವನು ಏನೇನು ನುಂಗಿಕೊಂಡ? ಆಸ್ಟಿನ್ ತೋರಿಸುವುದೇ ಇಲ್ಲ. ನಾವೆಲ್ಲ ಹೋಗಿ ಬೀಳುವುದು ಆ ಗುಂಡಿಯಲ್ಲೇ. (ಡಾರ್ಸಿ ಕೆರೆಗೆ ಹಾರಿ ಒದ್ದೆ ಅಂಗಿಯಲ್ಲಿ ಬರುವ ದೃಶ್ಯವೂ ಕಾದಂಬರಿಯಲ್ಲಿಲ್ಲ. 1995ರ ಸೀರಿಯಲ್‌ನವರು ಸೇರಿಸಿದ್ದು. ಅದೂ ಫ್ಯಾನ್ ಫಿಕ್ಷನ್ನೇ.)

ಅದಕ್ಕೇ ಮೊದಲು ಪಮೇಲಾ ಏಡನ್ ಬರೆದ ‘ಫಿಟ್ಜ್‌ವಿಲಿಯಮ್ ಡಾರ್ಸಿ, ಜಂಟಲ್‌ಮನ್’ ಓದಿ. ಮೂರು ಭಾಗ, ಎಲ್ಲವೂ ಡಾರ್ಸಿಯ ಕಣ್ಣಿನಿಂದ. ನಡುವಿನ ಭಾಗ ಬಿಟ್ಟುಬಿಡಿ. ಅದರಲ್ಲಿ ಲೇಖಕಿ ಅವನನ್ನು ಯಾವುದೋ ಕೋಟೆಮನೆಗೆ ಕಳಿಸಿ ಭಯಾನಕ ಕಥೆ ಶುರುಮಾಡುತ್ತಾರೆ, ಎಲಿಜಬೆತ್ ಬರೀ ಅವನ ನೆನಪಲ್ಲಿರುತ್ತಾಳೆ, ನಾನಂತೂ ಪುಟ ಹಾರಿಸಿದೆ. ಆದರೆ ಮೂರನೆಯದು! ಬೇಡ ಅನ್ನಿಸಿಕೊಂಡ ಗಂಡಸು ಮೊದಲು ಸಿಟ್ಟಾಗಿ, ಆಮೇಲೆ ಅವಳು ಅಂದದ್ದು ನಿಜ ಅಂತ ನಿಧಾನಕ್ಕೆ ಒಪ್ಪಿಕೊಳ್ಳುವುದನ್ನು ಅವಸರವಿಲ್ಲದೆ ಬರೆದಿದ್ದಾರೆ.

ಎರಡನೆಯದು ಸೋನಿಯಾ ಕಮಾಲ್ ಅವರ ‘ಅನ್‌ಮ್ಯಾರಿಯಬಲ್’, 2019ರದ್ದು. ಕಥೆ ಪಾಕಿಸ್ತಾನದ ದಿಲೀಪಾಬಾದ್ ಅನ್ನುವ ಊರಿನಲ್ಲಿ ನಡೆಯುತ್ತದೆ. ಇಲ್ಲಿನ ಎಲಿಜಬೆತ್ ಆಗಿರುವ ಆಲಿಸ್ ಬಿನತ್ ಶಾಲೆಯಲ್ಲಿ ಇಂಗ್ಲಿಷ್ ಟೀಚರು, ಪಾಠ ಮಾಡುವುದೂ ‘ಪ್ರೈಡ್ ಅಂಡ್ ಪ್ರಿಜುಡೀಸ್’ ಕಾದಂಬರಿಯನ್ನೇ. ಮದುವೆಮನೆ, ಸೀರೆ-ಒಡವೆ ಲೆಕ್ಕ, ಹೆಣ್ಣುಮಕ್ಕಳಿಗೆ ಇನ್ನೂ ಗಂಡು ಸಿಕ್ಕಿಲ್ಲ ಅಂತ ತಾಯಿಯ ಗೋಳು. ಇದನ್ನೆಲ್ಲ ನಮಗೆ ಯಾರೂ ವಿವರಿಸಬೇಕಿಲ್ಲ.

ಜೋ ಬೇಕರ್ ಅವರ ‘ಲಾಂಗ್‌ಬೋರ್ನ್’ ಬಗ್ಗೆ ಎಚ್ಚರಿಕೆ ಕೊಟ್ಟೇ ಹೇಳುತ್ತೇನೆ. ಪುಸ್ತಕ ಬಹಳ ಚೆನ್ನಾಗಿದೆ, ಆದರೆ ಅದು ಎಲಿಜಬೆತ್‌ಳ ತವರು ಬೆನೆಟ್ ಮನೆಯ ಕೆಲಸದವರ ಕಥೆ. ಎಲಿಜಬೆತ್ ಕೆಸರಲ್ಲಿ ನಡೆದು ಬಂದರೆ ಆ ಲಂಗ ಒಗೆಯುವವಳು ಸಾರಾ. ಅದನ್ನು ಓದಿದ ಮೇಲೆ ಮೂಲ ಕಾದಂಬರಿಯ ಆ ನಡಿಗೆ ಅಷ್ಟು ಮುದ್ದಾಗಿ ಕಾಣಲಿಲ್ಲ ನನಗೆ. ಜೋಡಿಗಾಗಿ ಅಂತ ಹೋದರೆ ನಿರಾಸೆ. ಪಿ.ಡಿ. ಜೇಮ್ಸ್ ಅವರ ‘ಡೆತ್ ಕಮ್ಸ್ ಟು ಪೆಂಬರ್ಲಿ’ಯೂ ಅಷ್ಟೇ, ಕೊಲೆ ಇದೆ, ಕೋರ್ಟು ಇದೆ, ಗಂಡ-ಹೆಂಡತಿ ನಡುವೆ ಒಂದು ಚಟಾಕಿ ಮಾತೂ ಸರಿಯಾಗಿಲ್ಲ.

ಇನ್ನು ದುಡ್ಡಿಲ್ಲದೆ ಓದಲು ಸಿಗುವವು ಸಾವಿರಾರು ಇವೆ. ಅವುಗಳಲ್ಲಿ ‘ಪತ್ರ ಅವಳ ಕೈ ಸೇರದಿದ್ದರೆ’, ‘ಬಲವಂತಕ್ಕೆ ಮದುವೆಯಾಗಿಬಿಟ್ಟರೆ’ ಅನ್ನುವ ಥರದವನ್ನು ಹುಡುಕಿ. ಜಗಳ ಅಲ್ಲಿ ಜಾಸ್ತಿ.

ಅಷ್ಟಕ್ಕೂ ಈ ಹುಚ್ಚು ಮೊದಲು ಹಿಡಿದದ್ದು ಆಸ್ಟಿನ್‌ಗೇ. ಕಾದಂಬರಿ ಬಂದದ್ದು 1813ರ ಜನವರಿಯಲ್ಲಿ. ಅದೇ ಮೇ ತಿಂಗಳು ಲಂಡನ್ನಿನ ಚಿತ್ರಪ್ರದರ್ಶನಗಳಲ್ಲಿ ತನ್ನ ಪಾತ್ರಗಳನ್ನು ಹುಡುಕುತ್ತಾ ಓಡಾಡಿ ಅಕ್ಕ ಕಸ್ಸಾಂಡ್ರಾಗೆ ಕಾಗದ ಬರೆದಳು. ಎಲಿಜಬೆತ್‌ಳ ಅಕ್ಕ ಜೇನ್‌ಳನ್ನೇ ಹೋಲುವ ಒಂದು ಚಿತ್ರ ಸಿಕ್ಕಿತಂತೆ, ಬಿಳಿ ಗೌನು, ಹಸಿರು ಒಡವೆ. ಎಲಿಜಬೆತ್ ಮಾತ್ರ ಎಲ್ಲೂ ಸಿಗಲಿಲ್ಲ. ಹೆಂಡತಿಯ ಚಿತ್ರವನ್ನು ಊರವರೆಲ್ಲ ನೋಡುವುದು ಡಾರ್ಸಿಗೆ ಇಷ್ಟವಿಲ್ಲವೇನೋ ಅಂತ ತಾನೇ ಊಹೆ ಮಾಡಿಕೊಂಡಳು. ಸಿಕ್ಕಿದ್ದರೆ ಹಳದಿ ಬಟ್ಟೆಯಲ್ಲಿರುತ್ತಿದ್ದಳಂತೆ.