ಲಟ್ಟಣಿಗೆ ಹಿಡಿದು ಕೂತ ಅತ್ತೆ

21 ಜುಲೈ 2024, ಭಾನುವಾರ. ರಾತ್ರಿ 11 ದಾಟಿದೆ.

ಕೈಯಿಂದ ಇನ್ನೂ ಸೋಲ್ಡರಿಂಗ್ ಹೊಗೆಯ ವಾಸನೆ ಹೋಗಿಲ್ಲ. ಎರಡು ಸಲ ಸೋಪು ಹಾಕಿ ತೊಳೆದೆ. ಮೂರನೇ ಸಲ ತೊಳೆಯೋಕೆ ಮನಸ್ಸಾಗಲಿಲ್ಲ. ಇಪ್ಪತ್ತು ವರ್ಷದ ಮೇಲೆ ಬಂದ ವಾಸನೆ, ಇರಲಿ ಬಿಡು ಅನಿಸಿತು.

ಗುರುವಾರ ಬಂದ ಸರ್ವೀಸ್ ಹುಡುಗನ ಮೇಲಿನ ಸಿಟ್ಟೂ ಇಳಿದಿಲ್ಲ. ಟಿವಿ ಹಿಂದಿನ ಒಂದು ಸ್ಕ್ರೂ ಕೂಡ ಬಿಚ್ಚದೆ, "ಪವರ್ ಬೋರ್ಡ್ ಹೋಗಿದೆ ಮೇಡಂ. ಈ ಮಾಡೆಲ್‌ಗೆ ಸಿಗಲ್ಲ, ಸಿಕ್ಕಿದ್ರೂ 5800 ಆಗುತ್ತೆ, ಹೊಸದೇ ತಗೊಳ್ಳಿ" ಅಂದ. ಬೋರ್ಡಲ್ಲಿ ಏನು ಹೋಗಿದೆ ಅಂತ ಕೇಳಿದೆ. "ಅದೆಲ್ಲ ಟೆಕ್ನಿಕಲ್ಲು, ಸರ್ ಹತ್ರ ಫೋನ್ ಮಾಡಿಸಿ" ಅಂದ. ಬಂದು ಹೋಗಿದ್ದಕ್ಕೆ 450 ರೂಪಾಯಿ. ಸರ್ ಅಂದರೆ ನಮ್ಮ ಮನೆಯವರು. ಅವರಿಗೆ ಫ್ಯೂಸ್ ಕಟ್ಟೋಕೂ ಬರಲ್ಲ. ಆಡಿಟ್ ಅಂತ ಹೈದರಾಬಾದಿನಲ್ಲಿ ಕೂತಿದ್ದಾರೆ. ಫೋನ್ ಮಾಡಿದರೆ "ಇಎಂಐಲಿ ತಗೊಂಡ್ಬಿಡೋಣ ಬಿಡು" ಅಂದರು.

2011ರ ವರ್ಲ್ಡ್ ಕಪ್ ಫೈನಲ್ ನೋಡೋಕೆ ಅಂತ ಮಾವ ಹಟ ಹಿಡಿದು ತಂದ ಟಿವಿ ಅದು. ಅದನ್ನು ಅಷ್ಟು ಸುಲಭವಾಗಿ ಬಿಡ್ತಾರಾ ಅತ್ತೆ?

ಆ ರಾತ್ರಿ ನಿದ್ದೆ ಬರದೆ ಯೋಚಿಸ್ತಾ ಮಲಗಿದ್ದೆ. ರಿಮೋಟ್ ಒತ್ತಿದರೆ ಕೆಂಪು ದೀಪ ಮಿಣುಕುತ್ತೆ, ಒಳಗೆ ಟಿಕ್ ಅನ್ನುತ್ತೆ, ಮತ್ತೆ ಸುಮ್ಮನಾಗುತ್ತೆ. ಹತ್ತು ಹದಿನೈದು ಸಲ ಒತ್ತಿದ ಮೇಲೆ ಒಮ್ಮೆ ಬರುತ್ತೆ. ಬಂದ ಮೇಲೆ ರಾತ್ರಿವರೆಗೂ ಏನೂ ತೊಂದರೆ ಇಲ್ಲ. ಈ ಸಲ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿತ್ತಲ್ಲ, ಆಗ ಒಂದೇ ಒತ್ತಿಗೆ ಬರ್ತಿತ್ತು. ಮಳೆ ಶುರುವಾದ ಮೇಲೆ ಈ ಕಾಟ. ಅದೂ ಬೆಳಿಗ್ಗೆಯೇ ಜಾಸ್ತಿ. ಅತ್ತೆ ದಿನಾ ರಾತ್ರಿ ಮೇನ್ ಸ್ವಿಚ್ ಆರಿಸಿಯೇ ಮಲಗೋದು. ಬೋರ್ಡ್ ಪೂರ್ತಿ ತಣ್ಣಗಾಗಿರುತ್ತೆ.

ಬಿಸಿಯಾದರೆ ಸರಿ, ತಣ್ಣಗಾದರೆ ಇಲ್ಲ. ಎದ್ದು ಕೂತೆ. ಕೆಪಾಸಿಟರ್! ಬೋರ್ಡಲ್ಲಿ ಕರೆಂಟ್ ತುಂಬಿಟ್ಟುಕೊಳ್ಳೋ ಪುಟ್ಟ ಡಬ್ಬಿ.

ಶುಕ್ರವಾರ ಸಂಜೆ ಹಿಂದಿನ ಮುಚ್ಚಳ ಬಿಚ್ಚಿ, ಸ್ಟ್ಯಾಂಡ್‌ಬೈ, ಅಂದರೆ ಟಿವಿ ಆರಿದ್ದಾಗಲೂ ಇರೋ 5 ವೋಲ್ಟ್ ಬರಬೇಕಾದ ಕಡೆ ಮೀಟರ್ ಇಟ್ಟೆ. 3.8, 4.4, 3.9. ಕುಣೀತಿತ್ತು. ಮಗಳ ಹೇರ್ ಡ್ರೈಯರ್ ತಂದು ಹೀಟ್ ಸಿಂಕ್ (ಬಿಸಿ ಹೊರಹಾಕೋ ಲೋಹದ ಪಟ್ಟಿ) ಪಕ್ಕದ ಕೆಪಾಸಿಟರ್‌ಗಳಿಗೆ ದೂರದಿಂದ ಎರಡು ನಿಮಿಷ ಬಿಸಿಗಾಳಿ ಹಿಡಿದೆ. 4.9ಕ್ಕೆ ಬಂದು ನಿಂತಿತು. ರಿಮೋಟ್ ಒತ್ತಿದೆ. ಟಿವಿ ಬಂತು. ಮಗಳು ನನ್ನ ಮುಖವನ್ನೇ ನೋಡಿದಳು. ಆಮೇಲೆ "ಡ್ರೈಯರ್ ಹಾಳು ಮಾಡ್ಬೇಡ" ಅಂತ ಕಿತ್ತುಕೊಂಡು ಹೋದಳು.

ನಿನ್ನೆ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ರೈಲು ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದು ಎಸ್‌ಪಿ ರೋಡ್ ತನಕ ನಡೆದೆ. 1000 ಮೈಕ್ರೋಫ್ಯಾರಡ್ (ಎಷ್ಟು ತುಂಬಿಕೊಳ್ಳುತ್ತೆ ಅನ್ನೋ ಅಳತೆ), 16 ವೋಲ್ಟ್ ಕೇಳಿದರೆ ಅಂಗಡಿಯವನು 85 ಡಿಗ್ರಿಯದ್ದು ಕೊಟ್ಟ. ಇನ್ನೂ ಬಿಸಿ ತಡೆಯೋ 105 ಡಿಗ್ರಿಯದ್ದು ಬೇಕು, ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆ) ಇರಲಿ ಅಂದೆ. ತಲೆ ಎತ್ತಿ ಒಮ್ಮೆ ನೋಡಿದ. ಆಮೇಲೆ ಒಳಗಿನ ಡಬ್ಬಿ ತೆಗೆದ. "ಒಂದೆರಡು ಕೊಡಲ್ಲ ಮೇಡಂ, ಹತ್ತು ತಗೊಳ್ಳಿ." ಹತ್ತಕ್ಕೆ 80 ರೂಪಾಯಿ. ಆ ನೋಟಕ್ಕೇ ಹೋಗಿ ಬಂದ ಖರ್ಚು ಹುಟ್ಟಿತು ಅಂದುಕೊಂಡೆ.

ಇವತ್ತು ಊಟ ಆದ ಮೇಲೆ ಹಾಲ್‌ನಲ್ಲಿ ಹಳೇ ಬೆಡ್‌ಶೀಟ್ ಹಾಸಿ ಟಿವಿಯನ್ನು ಬೋರಲು ಮಲಗಿಸಿದೆ. ಅತ್ತೆ ಮರದ ಮಣೆ ತಂದು ಹಾಕಿದರು. "ಇದರ ಮೇಲೆ ಕೂತ್ಕೋ. ರಬ್ಬರ್ ಚಪ್ಪಲಿ ಹಾಕ್ಕೋ." ಈ ಮನೆಗೆ ಬಂದು 16 ವರ್ಷ ಆಯಿತು, ಹಾಲ್‌ನಲ್ಲಿ ಚಪ್ಪಲಿ ಮೆಟ್ಟಿದ್ದು ಇವತ್ತೇ ಮೊದಲು. ಆಮೇಲೆ ಅಡುಗೆಮನೆಗೆ ಹೋಗಿ ಚಪಾತಿ ಲಟ್ಟಣಿಗೆ ಹಿಡಿದು ಬಂದು ನನ್ನ ಪಕ್ಕವೇ ಕುರ್ಚಿ ಎಳೆದುಕೊಂಡು ಕೂತರು.

"ಅದೇನತ್ತೆ?"

"ಕರೆಂಟ್ ಹಿಡ್ಕೊಂಡ್ರೆ ಕೈಮೇಲೆ ಬಾರಿಸ್ತೀನಿ. ಮರ ಅಲ್ವಾ, ನನಗೆ ಹೊಡೆಯಲ್ಲ."

ನಗು ಬಂತು. ಆದರೆ ಅವರು ಹೇಳಿದ್ದು ಸರಿಯೇ. ಗೋಡೆಯಿಂದ ಬರೋ 230 ವೋಲ್ಟ್, ಡಿಸಿ (ಒಂದೇ ದಿಕ್ಕಿನ ಕರೆಂಟು) ಆಗಿ ದೊಡ್ಡ ಕೆಪಾಸಿಟರ್‌ಗೆ ಹೋಗೋ ಹೊತ್ತಿಗೆ ಸುಮಾರು 325 ಆಗಿರುತ್ತೆ. ಪ್ಲಗ್ ಕಿತ್ತ ಮೇಲೂ ಅಲ್ಲೇ ಕೂತಿರುತ್ತೆ. ಹಾಸನದಲ್ಲಿ ಡಿಪ್ಲೊಮಾ ಓದುವಾಗ ಲ್ಯಾಬ್ ಮೇಷ್ಟ್ರು "ಒಂದು ಕೈ ಜೇಬಲ್ಲಿರಲಿ" ಅಂತಿದ್ದರು. ಎರಡು ಕೈಯಲ್ಲೂ ಮುಟ್ಟಿದರೆ ಕರೆಂಟು ಎದೆ ದಾಟಿ ಹೋಗುತ್ತೆ ಅಂತ. ನಮ್ಮ ಚೂಡಿದಾರಕ್ಕೆ ಜೇಬೆಲ್ಲಿ? "ನೀವು ಹುಡುಗೀರು ಬೆನ್ನ ಹಿಂದೆ ಇಟ್ಕೊಳ್ಳಿ" ಅನ್ನೋರು. ಇವತ್ತೂ ಎಡಗೈ ತಾನಾಗಿ ಬೆನ್ನ ಹಿಂದೆ ಹೋಯಿತು.

ಸ್ಟೋರ್ ರೂಮಲ್ಲಿ ಸಿಕ್ಕ ಹಳೇ 40 ವ್ಯಾಟ್ ಬಲ್ಬಿನ ಹೋಲ್ಡರ್‌ಗೆ ಎರಡು ವೈರ್ ಕಟ್ಟಿಕೊಂಡಿದ್ದೆ. ಪ್ಲಗ್ ಕಿತ್ತ ತಕ್ಷಣ ದೊಡ್ಡ ಕೆಪಾಸಿಟರ್‌ನ ಎರಡು ಕಾಲಿಗೂ ಅದನ್ನು ಮುಟ್ಟಿಸಿದೆ. ಬಲ್ಬ್ ಛಕ್ ಅಂತ ಮಿಂಚಿ ಆರಿತು. ಲಟ್ಟಣಿಗೆ ಮೇಲಕ್ಕೆದ್ದಿತು.

"ಪ್ಲಗ್ ಕಿತ್ತಿದೀಯಲ್ಲೇ! ಕರೆಂಟ್ ಎಲ್ಲಿಂದ ಬಂತು?"

"ಮೋಟರ್ ಆರಿಸಿದ್ರೂ ಟ್ಯಾಂಕಲ್ಲಿ ನೀರಿರುತ್ತಲ್ಲ ಅತ್ತೆ, ಹಾಗೆ. ಈಗ ನಲ್ಲಿ ಬಿಟ್ಟು ಖಾಲಿ ಮಾಡಿದೆ."

ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದರು. "ಮತ್ತೆ ಈ ಪುಟ್ಟವು?"

"ಅವೂ ಟ್ಯಾಂಕೇ. ಕಾವೇರಿ ನೀರು ದಿನ ಬಿಟ್ಟು ದಿನ ಬಿಡ್ತಾರೆ, ಆದ್ರೂ ನಮಗೆ ನಲ್ಲೀಲಿ ಯಾವಾಗಲೂ ಬರುತ್ತಲ್ವಾ? ಇಲ್ಲೂ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಬಿಟ್ಟು ಬಿಟ್ಟು ಬರುತ್ತೆ. ಇವು ತುಂಬಿಟ್ಕೊಂಡು ಒಂದೇ ಸಮ ಕೊಡ್ತವೆ."

"ಟ್ಯಾಂಕ್ ಸೋರ್ತಿದೆ ಅನ್ನು."

"ಸೋರಿಲ್ಲ. ಹೂಳು ತುಂಬಿದೆ."

ಎರಡು ಕೆಪಾಸಿಟರ್‌ಗಳ ತಲೆ ಪೂರಿ ಹಾಗೆ ಉಬ್ಬಿತ್ತು. ಪಕ್ಕದಲ್ಲೇ ಹೀಟ್ ಸಿಂಕ್. ಹದಿಮೂರು ವರ್ಷ ಒಲೆ ಪಕ್ಕ ಕೂತರೆ ಇನ್ನೇನಾಗುತ್ತೆ? ಒಳಗಿನ ದ್ರವ ಒಣಗುತ್ತೆ. ಹತ್ತು ಡಿಗ್ರಿ ಬಿಸಿ ಜಾಸ್ತಿಯಾದರೆ ಆಯಸ್ಸು ಅರ್ಧ ಅಂತ ಓದಿದ ನೆನಪು. ಅಳಿದುಳಿದ ದ್ರವ ಬಿಸಿಯಾದಾಗ ಹೇಗೋ ಕೆಲಸ ಮಾಡುತ್ತೆ, ತಣ್ಣಗಾದರೆ ಮುಷ್ಕರ. ಮೂರನೆಯದು ನೋಡೋಕೆ ಹೊಸದರ ಹಾಗೇ ಇತ್ತು. ಸುಮ್ನೆ ಇರಲಿ ಅಂತ ಅದನ್ನೂ ತೆಗೆದು ಅಳೆದೆ. 1000 ತೋರಿಸಬೇಕಿದ್ದ ಕಡೆ 140!

ಮೂರನ್ನೂ ಬದಲಿಸಿದೆ. ಬಿಳಿ ಪಟ್ಟಿ ಇರೋದು ಮೈನಸ್. ಬಿಚ್ಚುವ ಮೊದಲೇ ಫೋನಲ್ಲಿ ಫೋಟೋ ತೆಗೆದಿದ್ದೆ, ಆದರೂ ನಾಲ್ಕು ಸಲ ನೋಡಿದೆ. ಲ್ಯಾಬಲ್ಲಿ ನನ್ನ ಪಕ್ಕದವಳು ಉಲ್ಟಾ ಹಾಕಿ ಢಂ ಅನ್ನಿಸಿದ್ದು ಮರೆತಿಲ್ಲ. ಮೊದಲೆರಡು ಬೆಸುಗೆ ಹಾಕುವಾಗ ಕೈ ನಡುಗಿತು. ಮೂರನೆಯದಕ್ಕೆ ನಿಂತಿತು.

ಆಗ ಅತ್ತೆ ಕೇಳಿದರು. "ಇಷ್ಟೆಲ್ಲ ಗೊತ್ತಿದ್ದು ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?"

ಯಾರೂ ಕೇಳಲಿಲ್ಲವಲ್ಲ ಅಂದೆ. ಮನಸ್ಸಲ್ಲಿ ಸ್ವಲ್ಪ ದೊಡ್ಡ ಮಾತು ಹೇಳಿದೆ ಅನ್ನೋ ಹೆಮ್ಮೆ ಇತ್ತು. ಸುಳ್ಳಲ್ಲ.

"ಕೇಳ್ಬೇಕಿತ್ತಾ? ಮಿಕ್ಸಿ ಎರಡು ಸಲ ಕೆಟ್ಟಾಗ 400, 400 ಕೊಟ್ಟು ಮಾಡಿಸ್ಕೊಂಡು ಬಂದ್ವಿ. ಆಗ ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ?"

ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೇ ಮರೆತಿತ್ತು. ಸೊಸೈಟಿಯಲ್ಲಿ ಲೆಡ್ಜರ್ ಎಂಟ್ರಿ ಮಾಡ್ತಾ ಮಾಡ್ತಾ, ಡಿಪ್ಲೊಮಾ ಅನ್ನೋದು ಬೀರುವಿನ ಫೈಲಲ್ಲಿರೋ ಒಂದು ಕಾಗದ ಆಗಿಬಿಟ್ಟಿತ್ತು. ಆ ಹುಡುಗ "ಟೆಕ್ನಿಕಲ್ಲು" ಅನ್ನದೇ ಇದ್ದಿದ್ದರೆ ಹೊಸ ಟಿವಿಗೆ ನಾನೂ ಹ್ಞೂಂ ಅಂತಿದ್ದೆನೋ ಏನೋ.

ಕರೆಂಟ್ ಬಲ್ಬ್ ದಾಟಿಯೇ ಟಿವಿಗೆ ಹೋಗೋ ಹಾಗೆ ಸರಣಿಯಲ್ಲಿ 100 ವ್ಯಾಟ್ ಬಲ್ಬ್ ಹಾಕಿ ಕೊಟ್ಟೆ. ಬಲ್ಬ್ ಒಮ್ಮೆ ಹೊತ್ತಿ ಮಂಕಾಯಿತು. ಹಾಗಾದರೆ ಎಲ್ಲೂ ಶಾರ್ಟ್ ಇಲ್ಲ. ಆಮೇಲೆ ನೇರ ಕೊಟ್ಟೆ. 5.1 ವೋಲ್ಟ್, ಅಲ್ಲಾಡಲಿಲ್ಲ. ಟಿವಿ ಬಂತು. ಅತ್ತೆ ಏನೂ ಹೇಳಲಿಲ್ಲ. ಲಟ್ಟಣಿಗೆ ಒಳಗಿಟ್ಟು ಕಾಫಿಗೆ ನೀರಿಟ್ಟರು. "ಚಪ್ಪಲಿ ಬಿಡು ಇನ್ನ" ಅಂದರು.

ಈಗ ಮಳೆ ಹನೀತಿದೆ. ಪದ್ಧತಿಯಂತೆ ಅತ್ತೆ ಮೇನ್ ಸ್ವಿಚ್ ಆರಿಸಿ ಮಲಗಿದ್ದಾರೆ. ಮಧ್ಯಾಹ್ನ ನಾನು ಆನ್ ಮಾಡಿದಾಗ ಬೋರ್ಡ್ ಇನ್ನೂ ಬೆಚ್ಚಗಿತ್ತು, ಬೆಸುಗೆ ಹಾಕಿದ್ದೆನಲ್ಲ. ನಿಜವಾದ ಪರೀಕ್ಷೆ ಬೆಳಿಗ್ಗೆ 6 ಗಂಟೆಗೆ, ಅವರು ಸುಪ್ರಭಾತ ಹಾಕುವಾಗ. ಮಗಳಿಗೆ ಗೊತ್ತಾಗದ ಹಾಗೆ ಡ್ರೈಯರ್ ತಂದು ದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ.

ಇನ್ನೊಂದು ತಲೆ ತಿನ್ನುತ್ತಿದೆ. ಆ ಕಡೆ, ಬೋರ್ಡನ್ನು ನಡೆಸೋ ಚಿಪ್ಪು, ಕಂಟ್ರೋಲ್ ಐಸಿ ಪಕ್ಕ, 47 ಮೈಕ್ರೋಫ್ಯಾರಡ್‌ದು ಒಂದು ಚಿಕ್ಕದಿತ್ತು. ಐಸಿ ಶುರುವಾಗೋಕೆ ಅದೇ ಕರೆಂಟ್ ಕೊಡೋದು. ಉಬ್ಬಿಲ್ಲವಲ್ಲ ಅಂತ ಅಳೆಯದೇ ಬಿಟ್ಟೆ. ಆದರೆ ಆ ಮೂರನೆಯದೂ ಉಬ್ಬಿರಲಿಲ್ಲ