ಐಎಸ್‌ಡಿಎನ್: ರೂಟರ್ ಯಾವ ಪ್ಯಾಕೆಟ್‌ಗೆ ಡಯಲ್ ಮಾಡಬೇಕು?

ಐಎಸ್‌ಡಿಎನ್ (ಟೆಲಿಫೋನ್ ಎಕ್ಸ್‌ಚೇಂಜ್ ಮೂಲಕ ಡಿಜಿಟಲ್ ಕರೆ ಮಾಡಿ ಡೇಟಾ ಕಳಿಸುವ ವ್ಯವಸ್ಥೆ) ಲೈನ್‌ಗೆ ರೂಟರ್ ಹೊಂದಿಸುವಾಗ ಡಯಲ್ ಮಾಡಿಸುವುದು ಸುಲಭದ ಕೆಲಸ. ಬೇಡದ ಹೊತ್ತಲ್ಲಿ ಅದು ಡಯಲ್ ಮಾಡದ ಹಾಗೆ ನೋಡಿಕೊಳ್ಳುವುದಕ್ಕೇ ನನಗೆ ಯಾವಾಗಲೂ ಜಾಸ್ತಿ ಹೊತ್ತು ಹಿಡಿದಿದೆ. ನಿಮಿಷದ ಲೆಕ್ಕದಲ್ಲಿ ಬಿಲ್ ಬರುವ ಲೈನ್ ಅಲ್ವಾ, ರಾತ್ರಿಯಿಡೀ ಸುಮ್ನೆ ತೆರೆದಿದ್ದರೆ ಯಾರು ಕಟ್ಟುತ್ತಾರೆ?

ಬಿಆರ್‌ಐ, ಅಂದರೆ ಐಎಸ್‌ಡಿಎನ್‌ನ ಚಿಕ್ಕ ಬಗೆಯ ಲೈನ್‌ನಲ್ಲಿ 64 ಕೆಬಿಪಿಎಸ್‌ನ ಎರಡು ಬಿ ಚಾನೆಲ್, 16 ಕೆಬಿಪಿಎಸ್‌ನ ಒಂದು ಡಿ ಚಾನೆಲ್ ಇರುತ್ತವೆ. ಡೇಟಾ ಬಿ ಚಾನೆಲ್‌ನಲ್ಲಿ ಹೋಗುತ್ತದೆ. ಕರೆ ಜೋಡಿಸುವ, ಕಡಿಯುವ ಮಾತುಕತೆಯೆಲ್ಲ ಡಿ ಚಾನೆಲ್‌ನಲ್ಲಿ. ಸಿಸ್ಕೊ ರೂಟರ್ ಆದರೆ ನಾನು ಮೊದಲು ಸ್ವಿಚ್-ಟೈಪ್ (ಎಕ್ಸ್‌ಚೇಂಜ್‌ನ ಸ್ವಿಚ್ ಯಾವ ಬಗೆಯದು ಅನ್ನುವುದು) ಕೊಟ್ಟು, 'ಶೋ ಐಎಸ್‌ಡಿಎನ್ ಸ್ಟೇಟಸ್' ನೋಡುತ್ತೇನೆ. ಲೇಯರ್ 1 (ತಂತಿಯ ಸಂಪರ್ಕ) ಆಕ್ಟಿವ್ ಇರಬೇಕು, ಲೇಯರ್ 2ರಲ್ಲಿ (ಎಕ್ಸ್‌ಚೇಂಜ್ ಜೊತೆಗಿನ ಡಿ ಚಾನೆಲ್ ಕೊಂಡಿ) 'ಮಲ್ಟಿಪಲ್ ಫ್ರೇಮ್ ಎಸ್ಟಾಬ್ಲಿಷ್ಡ್' ಅಂತ ಬರಬೇಕು. ಕೆಲವು ಎಕ್ಸ್‌ಚೇಂಜ್‌ಗಳು ಕರೆ ಇಲ್ಲದಾಗ ಲೇಯರ್ 1 ಅನ್ನು ಇಳಿಸಿಬಿಡುತ್ತವೆ. ಹಾಗಾಗಿ ಲೈನ್ ಕೆಟ್ಟಿದೆ ಅನ್ನುವ ಮೊದಲು ಒಂದು ಕರೆ ಮಾಡಿಸಿ ನೋಡಿ.

ಎರಡು ರೂಟರ್‌ಗಳು ಪಾಸ್‌ವರ್ಡ್ ಮೂಲಕ ಗುರುತು ಖಚಿತಪಡಿಸಿಕೊಳ್ಳುವ ಚಾಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎದುರಿನ ರೂಟರ್‌ನ ಹೋಸ್ಟ್‌ನೇಮ್ ಇಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಕಡೆ ಒಂದೇ. ಅಷ್ಟೇ.

ಈಗ ಡಯಲರ್-ಲಿಸ್ಟ್‌ಗೆ ಬರೋಣ. ಬಹಳ ಜನ ಇದನ್ನು ಫೈರ್‌ವಾಲ್ ಅಂದುಕೊಳ್ಳುತ್ತಾರೆ. ಅದು ಯಾವ ಪ್ಯಾಕೆಟ್ಟನ್ನೂ ತಡೆಯುವುದಿಲ್ಲ. ಯಾವ ಪ್ಯಾಕೆಟ್ ಬಂದರೆ ಕರೆ ಮಾಡಬೇಕು, ಯಾವುದು ಬಂದರೆ ಐಡಲ್ ಟೈಮರ್ (ಲೈನ್ ಸುಮ್ನೆ ಇದ್ದರೆ ಎಷ್ಟು ಹೊತ್ತಿಗೆ ಕಡಿಯಬೇಕು ಅಂತ ಎಣಿಸುವುದು) ಮತ್ತೆ ಮೊದಲಿಂದ ಶುರುವಾಗಬೇಕು ಅನ್ನುವುದನ್ನು ಮಾತ್ರ ತೀರ್ಮಾನಿಸುತ್ತದೆ. ಲಿಸ್ಟ್‌ನಲ್ಲಿ ಡಿನೈ ಆದ, ಅಂದರೆ ಇದಕ್ಕೆ ಕರೆ ಬೇಡ ಅಂತ ಬರೆದ ಪ್ಯಾಕೆಟ್ಟೂ ಲೈನ್ ತೆರೆದಿದ್ದರೆ ಆರಾಮವಾಗಿ ದಾಟಿಹೋಗುತ್ತದೆ.

ಉದಾಹರಣೆಗೆ, ಐಪಿ ಪೂರ್ತಿ ಪರ್ಮಿಟ್ ಮಾಡಿ, ಡಯಲರ್ ಮ್ಯಾಪ್‌ಗೆ (ಯಾವ ಐಪಿಗೆ ಯಾವ ನಂಬರ್ ಅನ್ನುವ ಸಾಲು) 'ಬ್ರಾಡ್‌ಕಾಸ್ಟ್' ಸೇರಿಸಿ, ರೂಟರ್‌ಗಳು ಒಂದಕ್ಕೊಂದು ದಾರಿ ತಿಳಿಸುವ ರೂಟಿಂಗ್ ಪ್ರೋಟೊಕಾಲ್ ಆದ ರಿಪ್ ಓಡಿಸಿದಿರಿ ಅಂದುಕೊಳ್ಳಿ. ರಿಪ್ ಅಪ್‌ಡೇಟ್ 30 ಸೆಕೆಂಡಿಗೊಮ್ಮೆ ಹೊರಡುತ್ತದೆ. ಐಡಲ್-ಟೈಮೌಟ್ ಬದಲಿಸದಿದ್ದರೆ 120 ಸೆಕೆಂಡ್. ಟೈಮರ್ ಸೊನ್ನೆಗೆ ಇಳಿಯುವುದೇ ಇಲ್ಲ, ಲೈನ್ ಕಡಿಯುವುದೂ ಇಲ್ಲ. ಓಎಸ್‌ಪಿಎಫ್ ಅನ್ನುವ ಇನ್ನೊಂದು ರೂಟಿಂಗ್ ಪ್ರೋಟೊಕಾಲ್‌ನ ಹಲೋ ಪ್ಯಾಕೆಟ್ ಇನ್ನೂ ಬೇಗ, 10 ಸೆಕೆಂಡಿಗೊಂದು. ಅದಕ್ಕೇ ಇಂಥ ಲೈನ್ ಮೇಲೆ ಸ್ಟ್ಯಾಟಿಕ್ ರೂಟ್ (ನಾವೇ ಬರೆದಿಡುವ ದಾರಿ) ಹಾಕಿ ಅಂತ ನಾನು ಪಟ್ಟು ಹಿಡಿದು ಹೇಳುತ್ತೇನೆ. ರೂಟಿಂಗ್ ಪ್ರೋಟೊಕಾಲ್ ಬೇಕೇ ಬೇಕಿದ್ದರೆ ಅದರ ಪ್ಯಾಕೆಟ್‌ಗಳನ್ನು ಆಕ್ಸೆಸ್-ಲಿಸ್ಟ್‌ನಲ್ಲಿ (ಪ್ಯಾಕೆಟ್ ಆರಿಸುವ ನಿಯಮಗಳ ಪಟ್ಟಿ) ಡಿನೈ ಮಾಡಿ, ಆ ಲಿಸ್ಟನ್ನು ಡಯಲರ್-ಲಿಸ್ಟ್‌ಗೆ ಜೋಡಿಸಿ. ಗಡಿಯಾರ ಹೊಂದಿಸುವ ಎನ್‌ಟಿಪಿಯನ್ನೂ ಮರೆಯಬೇಡಿ.

ಇಷ್ಟಾದರೂ ಕೇಳದೆ ಲೈನ್ ಎದ್ದರೆ ಊಹೆ ಮಾಡುತ್ತ ಕೂರಬೇಡಿ. ಲೈನ್ ತೆರೆದಿರುವಾಗಲೇ 'ಶೋ ಡಯಲರ್' ಕೊಡಿ. ಕರೆ ಎಬ್ಬಿಸಿದ ಪ್ಯಾಕೆಟ್ ಯಾವ ಐಪಿಯಿಂದ ಯಾವ ಐಪಿಗೆ ಹೊರಟಿತ್ತು ಅಂತ ಡಯಲ್ ರೀಸನ್ ಸಾಲಿನಲ್ಲಿ ಇರುತ್ತದೆ. ಆ ಮೆಷಿನ್ ಹತ್ತಿರ ಹೋಗಿ ಏನು ಓಡುತ್ತಿದೆ ನೋಡಿ.