ಬೀಗರೂಟದ ದಿನ ಗಾಡಿ ಕೀ ಕಾದದ್ದು

ನಮ್ಮ ಕಡೆ ಮದುವೆಗಿಂತ ಬೀಗರೂಟಕ್ಕೆ ಬರುವ ಜನ ಜಾಸ್ತಿ. ಬರುವವರೂ ಹೆಚ್ಚಾಗಿ ಬೈಕಿನಲ್ಲೇ ಬರುತ್ತಾರೆ. ಮುದ್ದೆ, ಮಟನ್ ಸಾರಿನ ಪಂಕ್ತಿ ಶಾಮಿಯಾನದ ಕೆಳಗೆ ನಡೆದರೆ, ಇನ್ನೊಂದು ಪಂಕ್ತಿ ತೆಂಗಿನ ತೋಟದೊಳಗೆ ಪ್ಲಾಸ್ಟಿಕ್ ಲೋಟ ಹಿಡಿದು ಕೂತಿರುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. ನಮ್ಮೂರು ಗುಬ್ಬಿ ತಾಲ್ಲೂಕಿನಲ್ಲಿ, ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗಿದೆ. ಉಂಡು ಹೊರಟವರು ಕ್ರಾಸಿನಲ್ಲಿ ಹಿಂದುಮುಂದು ನೋಡದೆ ಮೇನ್ ರೋಡಿಗೆ ಗಾಡಿ ಹತ್ತಿಸುತ್ತಾರೆ. ಹಿಂದೊಮ್ಮೆ ಇಂಥದ್ದೇ ಊಟ ಮುಗಿಸಿ ಹೊರಟ ಹುಡುಗನೊಬ್ಬ ಅಲ್ಲೇ ಲಾರಿಗೆ ಸಿಕ್ಕಿ ಹೋದ.

ಜನವರಿಯಲ್ಲಿ ರಸ್ತೆ ಸುರಕ್ಷತಾ ಮಾಸ ಅಂತ ಪೊಲೀಸರು ಹಾಲಿನ ಡೈರಿ ಹತ್ತಿರ ಬಂದಿದ್ದರು. ಭಾಷಣ ಯಾರ ತಲೆಗೂ ಹೋಗಲಿಲ್ಲ. ಹೋದದ್ದು ಕುಡಿದಿದ್ದಾರಾ ಅಂತ ನೋಡುವ ಆ ಊದುವ ಮಿಷನ್ನು. ಎಎಸ್‌ಐ ಹೊಸ ಕೊಳವೆ ಸಿಕ್ಕಿಸಿ, ಯಾರಾದರೂ ಬನ್ನಿ ಅಂದರು. ಹಾಲು ಹಾಕಲು ಬಂದಿದ್ದ ನಮ್ಮ ಪಕ್ಕದ ಮನೆಯಣ್ಣ ಧೈರ್ಯವಾಗಿ ಮುಂದೆ ಬಂದ. ಬೀಪ್ ನಿಲ್ಲುವವರೆಗೂ ಉಸಿರು ಕಟ್ಟಿ ಊದಿದ. ಮಿಷನ್ನು 41 ತೋರಿಸಿತು!

"ಸಾರ್, ಅದು ನಿನ್ನೆ ರಾತ್ರಿದು. ಬೆಳಿಗ್ಗೆ ಎದ್ದು ಸ್ನಾನ ಮಾಡಿದೀನಿ, ಮಜ್ಜಿಗೆನೂ ಕುಡ್ದಿದೀನಿ" ಅಂತ ಅವನು ಗೋಗರೆದ. ಸುತ್ತ ನಿಂತವರೆಲ್ಲ ನಕ್ಕರು. ಎಎಸ್‌ಐ ಮಾತ್ರ ನಗಲಿಲ್ಲ. ಸ್ನಾನ, ಮಜ್ಜಿಗೆ, ಕಾಫಿ, ಎಲೆಯಡಿಕೆ ಯಾವುದರಿಂದಲೂ ಅದು ಇಳಿಯಲ್ಲ, ಲಿವರ್ ತನ್ನ ಪಾಡಿಗೆ ನಿಧಾನವಾಗಿ ಕರಗಿಸಬೇಕು, ಮಿಷನ್ನು ನೋಡುವುದು ಬಾಯಿ ವಾಸನೆಯನ್ನಲ್ಲ, ಎದೆಯೊಳಗಿಂದ ಬರುವ ಉಸಿರನ್ನು ಅಂತ ಬಿಡಿಸಿ ಹೇಳಿದರು. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಹೆಲ್ಮೆಟ್ ದಂಡದ ಹಾಗೆ ರೋಡಲ್ಲೇ ಕೊಟ್ಟು ರಸೀದಿ ತಗೊಂಡು ಹೋಗುವುದಲ್ಲ, ಕೋರ್ಟು ಮೆಟ್ಟಿಲು ಹತ್ತಲೇಬೇಕು.

ನಮ್ಮ ಸ್ತ್ರೀಶಕ್ತಿ ಸಂಘದವರಿಗೆ ಆವತ್ತು ತಲೆಗೆ ಹೊಳೆದದ್ದು ಬೇರೆಯೇ. ಕುಡಿಯಬೇಡಿ ಅಂತ ಎಷ್ಟು ಹೇಳಿಲ್ಲ ನಾವು? ಬೀಗರೂಟದಲ್ಲಿ ಆ ಮಾತು ನಡೆಯಲ್ಲ. ಕುಡಿದ ಮೇಲೆ ಕೀ ಕೊಡಿ ಅಂದರಂತೂ ಜಗಳವೇ, ಅದರಲ್ಲೂ ಬೀಗರ ಹತ್ತಿರ ಕೇಳಿದರೆ ಸಂಬಂಧವೇ ಕೆಡುತ್ತೆ. ಅದಕ್ಕೇ ಬಂದ ತಕ್ಷಣ, ಕುಡಿಯುವವರು ಕುಡಿಯದವರು ಅಂತ ನೋಡದೆ ಎಲ್ಲರ ಕೀಯನ್ನೂ ತಗೊಳ್ಳೋದು ಅಂತಾಯಿತು. ನನ್ನ ಮೈದುನನ ಮದುವೆಯ ಬೀಗರೂಟಕ್ಕೇ ಶುರು ಮಾಡಿದೆವು. ಬೇರೆಯವರ ಮನೆಯಲ್ಲಾಗಿದ್ದರೆ ಒಪ್ಪುತ್ತಲೂ ಇರಲಿಲ್ಲ.

ಶಾಮಿಯಾನದ ಬಾಗಿಲಲ್ಲಿ ಮೇಜು ಹಾಕಿಕೊಂಡು ನಾವು ಮೂವರು ಕೂತೆವು. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಹಾಗೆ ರಟ್ಟಿನ ಟೋಕನ್. ಅದರದ್ದೇ ನಂಬರನ್ನು ಕೀಗೂ ಕಟ್ಟಿ ದೊಡ್ಡ ಸ್ಟೀಲ್ ಡಬ್ಬಿಗೆ ಹಾಕುತ್ತಿದ್ದೆವು. ಸಿದ್ಧಗಂಗಾ ಸ್ವಾಮಿಗಳ ಫೋಟೋ ಇರುವ ಕೀ ಚೈನುಗಳೇ ಎಷ್ಟೋ ಬಂದವು, ನಂಬರ್ ಇಲ್ಲದಿದ್ದರೆ ಯಾರದು ಯಾವುದು ಅಂತ ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ.

ಹುಡುಗಿಯ ಸೋದರಮಾವ ಮೊದಲು ಕೆರಳಿದವರು. "ಏನಮ್ಮ, ನನ್ನ ಕುಡುಕ ಅಂತ ತಿಳ್ಕಂಡಿದೀರಾ?"

"ಇಲ್ಲ ಮಾವ, ನಮ್ಮ ಮಾವನವರದ್ದೂ ಇದರಲ್ಲೇ ಐತೆ ನೋಡಿ" ಅಂತ ಡಬ್ಬಿ ಬಗ್ಗಿಸಿ ತೋರಿಸಿದೆ. ನಮ್ಮ ಮಾವನವರು ಟೀ ಕೂಡ ಮುಟ್ಟದವರು. ಅದು ಆ ಸೋದರಮಾವನಿಗೂ ಗೊತ್ತಿತ್ತು. ಕೀ ಎಸೆದು ಒಳಗೆ ಹೋದರು.

ಸಂಜೆ ಕೀ ವಾಪಸ್ ಕೊಡುವಾಗಲೇ ನಿಜವಾದ ಕೆಲಸ. ಟೋಕನ್ ಕೊಟ್ಟವರನ್ನು ಊರು ಯಾವುದು, ಹಿಂದೆ ಯಾರು ಕೂರುತ್ತಾರೆ ಅಂತ ಮಾತಾಡಿಸುತ್ತಾ ಮುಖ ನೋಡುತ್ತಿದ್ದೆವು. ಸರಿಯಿದ್ದವರು ಹೋದರು. ಸರಿಯಿಲ್ಲದವರ ಕೀಯನ್ನು ಅವರ ಹೆಂಡತಿಯ ಕೈಗೆ ಕೊಟ್ಟು, ಬಾಡಿಗೆಗೆ ಹೇಳಿದ್ದ ಟಿ.ಟಿ. (ಟೆಂಪೋ ಟ್ರಾವೆಲರ್) ಹತ್ತಿಸಿದೆವು. ಮೊದಲು ಟಾಟಾ ಏಸ್ ಸಾಕು ಅಂದಿದ್ದೆವು. ಗೂಡ್ಸ್ ಗಾಡಿಯಲ್ಲಿ ಜನ ತುಂಬಿದರೆ ಅದೂ ಕೇಸೇ ಅಂತ ಎಎಸ್‌ಐ ಮೊದಲೇ ಎಚ್ಚರಿಸಿದ್ದರು. ಟಿ.ಟಿ. ಬಾಡಿಗೆಗೆ ನಮ್ಮತ್ತೆ ಗೊಣಗಿದರು. ತೋಟದೊಳಗಿನ ಖರ್ಚಿನ ಮುಂದೆ ಅದು ಏನೂ ಅಲ್ಲ ಅಂತ ನಾನೂ ಬಿಡಲಿಲ್ಲ. ಬೈಕುಗಳು ರಾತ್ರಿ ನಮ್ಮ ಅಂಗಳದಲ್ಲೇ ನಿಂತವು.

ಎಲ್ಲವೂ ಸಲೀಸಾಗಿ ನಡೆಯಿತು ಅಂತಲ್ಲ. ಒಬ್ಬ ಜೇಬಿನಲ್ಲೇ ಇನ್ನೊಂದು ಕೀ ಇಟ್ಟುಕೊಂಡಿದ್ದ. ಇನ್ನೊಬ್ಬರ ಹಳೇ ಟಿವಿಎಸ್‌ಗೆ ಕೀಯೇ ಬೇಡ, ಮೊಳೆ ತೂರಿಸಿದರೂ ತಿರುಗುತ್ತಿತ್ತು. ಸ್ಟಾರ್ಟ್ ಮಾಡುವಷ್ಟರಲ್ಲಿ ಹುಡುಗರು ಪ್ಲಗ್ ವೈರ್ ಕಿತ್ತು ಜೇಬಿಗೆ ಹಾಕಿಕೊಂಡರು. ಆತ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಆಮೇಲೆ ಊರಿನ ಇನ್ನೆರಡು ಮನೆಯವರು ಡಬ್ಬಿ ಕೇಳಿಕೊಂಡು ಹೋದರು. ಪೊಲೀಸರು ಬಿ.ಎಚ್. ರಸ್ತೆಯಲ್ಲಿ ದಿನಾ ನಿಂತು ಊದಿಸಲಿಕ್ಕಾಗುತ್ತಾ? ಅವರು ಇಲ್ಲದ ದಿನಕ್ಕೆ ಇದೇ ಗತಿ. ಈಗ ತಲೆನೋವಾಗಿರುವುದು ಯುಗಾದಿ ಮಾರನೆಯ ಹೊಸತೊಡಕು. ಆವತ್ತು ಒಂದು ಶಾಮಿಯಾನ, ಒಂದು ಬಾಗಿಲು ಅಂತ ಇರಲ್ಲ, ಮನೆಮನೆಯಲ್ಲೂ ಬಾಡೂಟ, ನೆಂಟರು ಯಾವ ಹೊತ್ತಿಗೆ ಬಂದು ಯಾವ ಹೊತ್ತಿಗೆ ಹೋಗುತ್ತಾರೋ ತಿಳಿಯಲ್ಲ. ಕ್ರಾಸಿನ ಆಟೋದವರು ಆವತ್ತು ರಾತ್ರಿಯೂ ಗಾಡಿ ಓಡಿಸಲು ಒಪ್ಪಿದ್ದಾರೆ, ಬಾಡಿಗೆ ಯಾರು ಕೊಡೋದು ಅನ್ನುವುದಿನ್ನೂ ಸಂಘದ ಸಭೆಯಲ್ಲಿ ತೀರ್ಮಾನವಾಗಿಲ್ಲ.